ಕಾನೂನು ಸಲಹೆ: ವಿಮಾನ ರದ್ದಾದರೆ, ತಡವಾದರೆ ನಮಗೇನು ಬರಬೇಕು?

ಜಮೀನಿನ ಪೋಡಿ, ಪಾಲುಪಾರೀಕತ್ತು, ಖಾತೆ ಬದಲಾವಣೆ ಎಂದೇ ತುಂಬಿರುತ್ತಿದ್ದ ಈ ಅಂಕಣದ ಅಂಚೆಯಲ್ಲಿ ಈಚೆಗೆ ವಿಮಾನದ ಟಿಕೆಟ್‌ಗಳ ಜೆರಾಕ್ಸ್ ಪ್ರತಿಗಳೂ ಬರತೊಡಗಿವೆ. 2025ರ ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೊ ವಿಮಾನಗಳು ದೇಶದಾದ್ಯಂತ ಸಾಲುಸಾಲಾಗಿ ರದ್ದಾದ ಮೇಲೆ ಪತ್ರಗಳು ಇನ್ನೂ ಹೆಚ್ಚಿವೆ. ಬಹಳಷ್ಟು ಪತ್ರಗಳ ಪ್ರಶ್ನೆ ಒಂದೇ ಬಗೆಯದಾಗಿರುವುದರಿಂದ, ಬೇರೆಬೇರೆ ಸನ್ನಿವೇಶಗಳನ್ನು ಹೇಳುವ ಕೆಲವನ್ನು ಆಯ್ದು ಈ ಸಂಚಿಕೆಯನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ ದೆಹಲಿಯಲ್ಲಿ ಉದ್ಯೋಗದ ಸಂದರ್ಶನವಿತ್ತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬೆಳಿಗ್ಗೆ 7.30ಕ್ಕೆ ಒಂದು ಸಂಸ್ಥೆಯ ವಿಮಾನ, ಅಲ್ಲಿಂದ 11.30ಕ್ಕೆ ದೆಹಲಿಗೆ ಇನ್ನೊಂದು ಸಂಸ್ಥೆಯ ವಿಮಾನ ಎಂದು ಎರಡು ಟಿಕೆಟ್‌ಗಳನ್ನು ಬೇರೆಬೇರೆಯಾಗಿ ಮಾಡಿಸಿದ್ದೆವು. ಅಂದು ಬೆಳಗಿನ ಜಾವ ಐದು ಗಂಟೆಗೆ ‘ಕಾರ್ಯಾಚರಣೆಯ ಕಾರಣಗಳಿಂದ ವಿಮಾನ ರದ್ದಾಗಿದೆ’ ಎಂಬ ಸಂದೇಶ ಬಂತು. ಕಾರು ಬಾಡಿಗೆಗೆ ಹಿಡಿದು ಬೆಂಗಳೂರು ಮುಟ್ಟುವಷ್ಟರಲ್ಲಿ ದೆಹಲಿಯ ವಿಮಾನ ಹೊರಟುಹೋಗಿತ್ತು. ಸಂಜೆಯ ವಿಮಾನಕ್ಕೆ 14,300 ರೂಪಾಯಿ ಕೊಟ್ಟು ಹೊಸ ಟಿಕೆಟ್ ಕೊಳ್ಳಬೇಕಾಯಿತು. ಮೊದಲ ಸಂಸ್ಥೆಯವರು ಟಿಕೆಟ್ ಹಣ 5,240 ರೂಪಾಯಿಯನ್ನು ಹಿಂದಿರುಗಿಸಿ ಸುಮ್ಮನಾಗಿದ್ದಾರೆ. ಅಲ್ಲಿಗೆ ಮುಗಿಯಿತೆಂದು ತಿಳಿಯಬೇಕೇ?
– ಓದುಗರು, ಹುಬ್ಬಳ್ಳಿ

ಉತ್ತರ: ಮುಗಿದಿಲ್ಲ. ಟಿಕೆಟ್ ಹಣವನ್ನು ಹಿಂದಿರುಗಿಸುವುದು ಬೇರೆ, ಪರಿಹಾರ ಕೊಡುವುದು ಬೇರೆ. ಮೊದಲನೆಯದು ಕೊಡದ ಸೇವೆಗೆ ಪಡೆದ ಹಣವನ್ನು ವಾಪಸು ಮಾಡುವುದಷ್ಟೇ ಆಗಿದ್ದು, ಅದನ್ನು ಔದಾರ್ಯವೆಂಬಂತೆ ಕೊಟ್ಟು ಎರಡನೆಯದರ ಮಾತೆತ್ತದಿರುವುದು ಸಂಸ್ಥೆಗಳ ಹಳೆಯ ಅಭ್ಯಾಸ.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು, ಅಂದರೆ ಡಿಜಿಸಿಎ, ವಿಮಾನ ಹತ್ತಲು ಬಿಡದಿದ್ದಾಗ, ರದ್ದಾದಾಗ ಮತ್ತು ತಡವಾದಾಗ ಪ್ರಯಾಣಿಕರಿಗೆ ಏನೇನು ಕೊಡಬೇಕೆಂದು ನಿಯಮಾವಳಿ ಮಾಡಿದೆ. ರದ್ದತಿಯ ಮಟ್ಟಿಗೆ ಅದರ ತಿರುಳು ನಿಮಗೆ ಯಾವಾಗ ತಿಳಿಸಿದರು ಎಂಬುದರಲ್ಲಿದೆ. ಎರಡು ವಾರ ಮೊದಲೇ ತಿಳಿಸಿದ್ದರೆ ನಿಮಗೆ ಒಪ್ಪಿಗೆಯಾಗುವ ಬದಲಿ ವಿಮಾನವನ್ನೋ ಟಿಕೆಟ್ ಹಣವನ್ನೋ ಕೊಟ್ಟರೆ ಸಾಕು. ಎರಡು ವಾರದೊಳಗೆ, ಆದರೆ ಹೊರಡುವುದಕ್ಕೆ 24 ಗಂಟೆಗಳಿಗೆ ಮೊದಲು ತಿಳಿಸಿದರೆ, ಮೂಲ ವೇಳೆಯಿಂದ ಎರಡು ಗಂಟೆಯೊಳಗೆ ಹೊರಡುವ ಬದಲಿ ವಿಮಾನವನ್ನು ಕೊಡಬೇಕು, ಇಲ್ಲವೇ ಹಣ ಹಿಂದಿರುಗಿಸಬೇಕು. ಆ ಹೊತ್ತಿನೊಳಗೆ ತಿಳಿಸದೆ ಹೋದರೆ ಇವುಗಳ ಜೊತೆಗೆ ನಗದು ಪರಿಹಾರವೂ ಸೇರುತ್ತದೆ. ನಿಮಗೆ ಸಂದೇಶ ಬಂದದ್ದು ಹೊರಡುವುದಕ್ಕೆ ಎರಡೂವರೆ ಗಂಟೆ ಮೊದಲು.

ಪರಿಹಾರದ ಮೊತ್ತ ಹಾರಾಟದ ಅವಧಿಯನ್ನು ಅವಲಂಬಿಸುತ್ತದೆ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ನಿಲ್ದಾಣದಲ್ಲಿ ಬಂದು ನಿಲ್ಲುವವರೆಗಿನ ಈ ಅವಧಿಯನ್ನು ಆ ವಲಯದವರು ಬ್ಲಾಕ್ ಟೈಮ್ ಎನ್ನುತ್ತಾರೆ. ಅದು 1 ಗಂಟೆಯವರೆಗೆ ಇದ್ದರೆ 5,000 ರೂಪಾಯಿ, 1ರಿಂದ 2 ಗಂಟೆಯವರೆಗೆ ಇದ್ದರೆ 7,500 ರೂಪಾಯಿ, 2 ಗಂಟೆ ಮೀರಿದರೆ 10,000 ರೂಪಾಯಿ. ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಇಷ್ಟನ್ನೇ ಬರೆದು ಬಿಡುತ್ತಾರೆ, ಓದಿದವರು ಅಷ್ಟೂ ಹಣ ಬರುತ್ತದೆಂದು ನಂಬುತ್ತಾರೆ. ನಿಯಮದಲ್ಲಿ ಇನ್ನೊಂದು ಮಾತಿದೆ. ಈ ಮೊತ್ತ ಅಥವಾ ಒಂದು ಕಡೆಯ ಪ್ರಯಾಣದ ಮೂಲ ದರ ಮತ್ತು ಇಂಧನ ಶುಲ್ಕಗಳ ಒಟ್ಟು ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು.

ನೀವು ಕಳುಹಿಸಿದ ಟಿಕೆಟ್ ಪ್ರತಿಯನ್ನೇ ನೋಡೋಣ. 5,240 ರೂಪಾಯಿಯಲ್ಲಿ ಮೂಲ ದರ 3,050, ಇಂಧನ ಶುಲ್ಕ 425 ಎಂದಿದೆ. ಉಳಿದದ್ದೆಲ್ಲ ನಿಲ್ದಾಣದ ಬಳಕೆ ಶುಲ್ಕ, ಜಿಎಸ್‌ಟಿ, ಆಸನ ಆಯ್ಕೆಯ ಶುಲ್ಕ ಮುಂತಾದವು. ನಿಮ್ಮ ವಿಮಾನದ ಅವಧಿ 1 ಗಂಟೆ 10 ನಿಮಿಷವೆಂದು ವೇಳಾಪಟ್ಟಿಯಲ್ಲಿರುವುದರಿಂದ ಗರಿಷ್ಠ ಮಿತಿ 7,500 ರೂಪಾಯಿಯೇ ಆದರೂ ನಿಯಮದ ಪ್ರಕಾರ ನಿಮಗೆ ಬರಬೇಕಾದದ್ದು 3,475 ರೂಪಾಯಿ. ಟಿಕೆಟ್‌ನ ಪೂರ್ತಿ ಹಣ ಬಂದಿರುವುದು ಸರಿಯಾಗಿದೆ, ಅದರ ಮೇಲೆ ಈ ಮೊತ್ತವನ್ನು ಕೇಳಿ.

ಸಂಸ್ಥೆ ಇದನ್ನು ನಿರಾಕರಿಸಬಹುದಾದ ದಾರಿ ಒಂದೇ: ರದ್ದತಿಯ ಕಾರಣ ತನ್ನ ಹಿಡಿತದಲ್ಲಿರಲಿಲ್ಲ ಎಂದು ತೋರಿಸುವುದು. ಪ್ರಕೃತಿ ವಿಕೋಪ, ಗಲಭೆ, ಪ್ರವಾಹ, ಮುಷ್ಕರ, ವಿಮಾನಕ್ಕೆ ಸಂಬಂಧಿಸಿದ ಸರ್ಕಾರಿ ಆದೇಶ, ಹವಾಮಾನ, ವಾಯು ಸಂಚಾರ ನಿಯಂತ್ರಣ, ಭದ್ರತೆಯ ಅಪಾಯ ಇಂಥವನ್ನು ನಿಯಮವೇ ಹೆಸರಿಸುತ್ತದೆ. ‘ಕಾರ್ಯಾಚರಣೆಯ ಕಾರಣ’ ಎಂಬುದು ಆ ಪಟ್ಟಿಯಲ್ಲಿಲ್ಲ. ಪೈಲಟ್ ಬರಲಿಲ್ಲ ಎಂಬುದರಿಂದ ಹಿಡಿದು ಆಸನಗಳು ತುಂಬಲಿಲ್ಲ ಎಂಬುದರವರೆಗೆ ಯಾವುದನ್ನು ಬೇಕಾದರೂ ಆ ಎರಡು ಪದಗಳೊಳಗೆ ಅಡಗಿಸಬಹುದು. ಆದ್ದರಿಂದ ನೀವು ಮೊದಲು ಮಾಡಬೇಕಾದ ಕೆಲಸವೆಂದರೆ ನಿಖರ ಕಾರಣವೇನೆಂದು ಇಮೇಲ್ ಮೂಲಕ ಲಿಖಿತವಾಗಿ ಕೇಳುವುದು. ಉತ್ತರ ಬಾರದಿದ್ದರೆ ಆ ಮೌನವೂ ಮುಂದೆ ನಿಮಗೆ ಸಾಕ್ಷಿಯಾಗುತ್ತದೆ.

ಡಿಸೆಂಬರ್‌ನ ರದ್ದತಿಗಳ ಬಗ್ಗೆ ಕೇಳಿದವರಿಗೂ ಇಲ್ಲೇ ಒಂದು ಮಾತು. ಪೈಲಟ್‌ಗಳ ಕರ್ತವ್ಯದ ಅವಧಿಯ ಹೊಸ ನಿಯಮಗಳಿಂದ ಸಿಬ್ಬಂದಿ ಸಾಲದೆ ಹೋಯಿತು, ಅದು ಸರ್ಕಾರದ ಆದೇಶವಾದ್ದರಿಂದ ಪರಿಹಾರವಿಲ್ಲ ಎಂದು ಸಂಸ್ಥೆ ವಾದಿಸಬಹುದು. ಆ ನಿಯಮಗಳು ಪ್ರಕಟವಾದದ್ದು 2024ರ ಜನವರಿಯಲ್ಲಿ. ಜಾರಿಗೆ ಬಂದದ್ದು ಎರಡು ಹಂತಗಳಲ್ಲಿ, 2025ರ ಜುಲೈ 1 ಮತ್ತು ನವೆಂಬರ್ 1ರಂದು. ಸಾಧ್ಯವಿರುವ ಎಲ್ಲ ಕ್ರಮಗಳನ್ನು ಕೈಗೊಂಡರೂ ತಪ್ಪಿಸಲಾಗದಂಥ ಕಾರಣವಾಗಿದ್ದರೆ ಮಾತ್ರ ವಿನಾಯಿತಿ ಎಂದು ಡಿಜಿಸಿಎ ನಿಯಮವೇ ಹೇಳುವಾಗ, ಒಂದೂಮುಕ್ಕಾಲು ವರ್ಷ ಮೊದಲೇ ಗೊತ್ತಿದ್ದ ಬದಲಾವಣೆಯನ್ನು ಆ ಸಾಲಿಗೆ ಸೇರಿಸುವುದು ಸುಲಭವಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ದೆಹಲಿಯ ಟಿಕೆಟ್. ಮುಂದಿನ ವಿಮಾನ ತಪ್ಪಿದ್ದಕ್ಕೆ ಡಿಜಿಸಿಎ ನಿಯಮ ರಕ್ಷಣೆ ಕೊಡುವುದು ಎರಡೂ ಪ್ರಯಾಣಗಳು ಒಂದೇ ಟಿಕೆಟ್ ಸಂಖ್ಯೆಯಲ್ಲಿದ್ದಾಗ ಮಾತ್ರ. ನಿಮ್ಮದು ಹಾಗಿಲ್ಲವಾದ್ದರಿಂದ ಕಾರಿನ ಬಾಡಿಗೆ ಮತ್ತು 14,300 ರೂಪಾಯಿಗಳನ್ನು ಆ ನಿಯಮದ ಅಡಿಯಲ್ಲಿ ಕೇಳಲಾಗದು, ಸೇವಾ ನ್ಯೂನತೆಯಿಂದಾದ ನಷ್ಟವೆಂದು ಗ್ರಾಹಕರ ಆಯೋಗದಲ್ಲಿ ಕೇಳಬೇಕಾಗುತ್ತದೆ. ಅಲ್ಲಿ ಎದುರುದಾರರ ವಕೀಲರು ಎತ್ತುವ ಮೊದಲ ಪ್ರಶ್ನೆ ಎರಡು ವಿಮಾನಗಳ ನಡುವೆ ನೀವು ಎಷ್ಟು ಅಂತರ ಬಿಟ್ಟಿದ್ದಿರಿ ಎಂಬುದು. ಎರಡೂವರೆ ಗಂಟೆಗೂ ಮಿಕ್ಕಿ ಬಿಟ್ಟಿದ್ದಿರಿ, ಅದು ನಿಮ್ಮ ಪರವಾಗಿದೆ. ಸಂದರ್ಶನ ತಪ್ಪಿ ಉದ್ಯೋಗವೇ ಹೋಯಿತೆಂದು ಲಕ್ಷಗಟ್ಟಲೆ ಕೇಳಬೇಡಿ. ರಸೀದಿ ಇರುವ ಖರ್ಚುಗಳನ್ನೂ ಮಾನಸಿಕ ಕಿರುಕುಳಕ್ಕೆ ಒಂದು ಮಿತವಾದ ಮೊತ್ತವನ್ನೂ ಕೇಳಿದ ದೂರುಗಳಿಗೆ ಸಿಗುವ ಕಿವಿ, ಕೋಟಿ ಕೇಳಿದ ದೂರುಗಳಿಗೆ ಸಿಗುವುದಿಲ್ಲ.

ಪ್ರಶ್ನೆ: ಜನವರಿಯಲ್ಲಿ ಕಾಶಿಯಾತ್ರೆ ಮುಗಿಸಿ ಬರುತ್ತಿದ್ದ ನನ್ನ ತಂದೆತಾಯಿಗಳು ದೆಹಲಿಯಲ್ಲಿ ಮಂಜಿನಿಂದಾಗಿ ಒಂಬತ್ತು ಗಂಟೆ ಕಾಯಬೇಕಾಯಿತು. ರಾತ್ರಿ 9.45ಕ್ಕೆ ಹೊರಡಬೇಕಿದ್ದ ವಿಮಾನ ಮರುದಿನ ಬೆಳಿಗ್ಗೆ 6.45ಕ್ಕೆ ಹೊರಟಿತು. ಇಬ್ಬರಿಗೂ ಎಪ್ಪತ್ತು ದಾಟಿದೆ. ಕುರ್ಚಿಯಲ್ಲೇ ರಾತ್ರಿ ಕಳೆದರು. ಊಟ ಕೇಳಿದರೆ ‘ಮಂಜಿಗೆ ನಾವೇನು ಮಾಡೋಣ’ ಎಂದರಂತೆ. ಹವಾಮಾನವೆಂದ ಮೇಲೆ ಕೇಳುವಂತಿಲ್ಲವೇ?
– ಓದುಗರು, ಬೆಂಗಳೂರು

ಉತ್ತರ: ಮಂಜಿಗೆ ಸಂಸ್ಥೆ ಹೊಣೆಯಲ್ಲ, ಊಟಕ್ಕೆ ಹೊಣೆ. ಈ ಎರಡನ್ನೂ ಒಟ್ಟುಗೂಡಿಸಿ ಹೇಳಿದ ಉತ್ತರಕ್ಕೆ ನಿಮ್ಮ ತಂದೆತಾಯಿಗಳು ತಲೆಯಾಡಿಸಿ ಕುಳಿತದ್ದು ಸಹಜ, ಆದರೆ ಆ ಉತ್ತರ ತಪ್ಪು.

ತಡವಾದ ವಿಮಾನಕ್ಕೆ ನಮ್ಮ ಡಿಜಿಸಿಎ ನಿಯಮದಲ್ಲಿ ನಗದು ಪರಿಹಾರವೇ ಇಲ್ಲ, ಕಾರಣ ಮಂಜಾಗಲಿ ಮತ್ತೊಂದಾಗಲಿ. ಇರುವುದು ಉಪಚಾರದ ಹೊಣೆ. ಎರಡೂವರೆ ಗಂಟೆಯೊಳಗಿನ ಹಾರಾಟವಾದರೆ 2 ಗಂಟೆ, ಎರಡೂವರೆಯಿಂದ ಐದು ಗಂಟೆಯದಾದರೆ 3 ಗಂಟೆ, ಅದಕ್ಕೂ ದೀರ್ಘವಾದರೆ 4 ಗಂಟೆ ತಡವಾದೊಡನೆ ಕಾಯುತ್ತಿರುವವರಿಗೆ ಊಟ, ಉಪಾಹಾರಗಳನ್ನು ಉಚಿತವಾಗಿ ಕೊಡಬೇಕು. ದೆಹಲಿ–ಬೆಂಗಳೂರು ಹಾರಾಟ ಎರಡೂವರೆ ಗಂಟೆ ಮೀರುವುದರಿಂದ ನಿಮ್ಮ ತಂದೆತಾಯಿಗಳಿಗೆ ಮೂರು ಗಂಟೆ ಕಾದ ಮೇಲೆ ಈ ಹಕ್ಕು ಹುಟ್ಟಿತು. ದೇಶದೊಳಗಿನ ವಿಮಾನ ಆರು ಗಂಟೆಗಿಂತ ಹೆಚ್ಚು ತಡವಾಗುವುದಾದರೆ, ಬದಲಿ ವಿಮಾನ ಬೇಕೋ ಪೂರ್ತಿ ಹಣ ವಾಪಸು ಬೇಕೋ ಎಂಬ ಆಯ್ಕೆ ಪ್ರಯಾಣಿಕರದು. ಇನ್ನು ಎಷ್ಟೋ ಜನರಿಗೆ ಗೊತ್ತಿಲ್ಲದ ಒಂದು ಅಂಶವಿದೆ. ರಾತ್ರಿ 8ರಿಂದ ಬೆಳಗಿನ ಜಾವ 3ರ ನಡುವೆ ಹೊರಡಬೇಕಿದ್ದ ವಿಮಾನ ಆರು ಗಂಟೆಗಿಂತ ಹೆಚ್ಚು ತಡವಾದರೆ ಹೋಟೆಲ್ ಕೋಣೆ ಮತ್ತು ಅಲ್ಲಿಗೆ ಹೋಗಿಬರುವ ವಾಹನವನ್ನು ಸಂಸ್ಥೆಯೇ ಒದಗಿಸಬೇಕು. ಹಗಲಿನ ವಿಮಾನಕ್ಕೆ ಇದೇ ಸೌಲಭ್ಯ ಸಿಗಬೇಕಾದರೆ 24 ಗಂಟೆ ಮೀರಬೇಕು. ರಾತ್ರಿ 9.45ರ ವಿಮಾನ ಮೊದಲ ಗುಂಪಿಗೆ ಸೇರುತ್ತದೆ.

ದೆಹಲಿಯ ಮಂಜು ಸುಪ್ರೀಂ ಕೋರ್ಟನ್ನೂ ತಲುಪಿದೆ. 2007ರ ಡಿಸೆಂಬರ್‌ನಲ್ಲಿ ದೆಹಲಿಯಿಂದ ಹೈದರಾಬಾದಿಗೆ ಹೊರಟ ಪ್ರಯಾಣಿಕರೊಬ್ಬರು ವಿಮಾನದೊಳಗೇ ಗಂಟೆಗಟ್ಟಲೆ ಕುಳಿತಿರಬೇಕಾದ ಪ್ರಕರಣದಲ್ಲಿ, 2011ರ ಜುಲೈನಲ್ಲಿ ಬಂದ ತೀರ್ಪನ್ನು ಬರೆದವರು ಹಿಂದೆ ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಆ ಪ್ರಯಾಣಿಕರಿಗೆ ಕೆಳಗಿನ ಹಂತದಲ್ಲಿ ಸಿಕ್ಕಿದ್ದ ಪರಿಹಾರವನ್ನು ಕೋರ್ಟು ರದ್ದುಮಾಡಿತು. ಮಂಜಿನಿಂದಾದ ವಿಳಂಬ ಸೇವಾ ನ್ಯೂನತೆಯಲ್ಲ ಎಂದಿತು. ಇಷ್ಟನ್ನು ಸಂಸ್ಥೆಗಳ ವಕೀಲರು ಪ್ರತಿ ಪ್ರಕರಣದಲ್ಲೂ ಓದಿ ಹೇಳುತ್ತಾರೆ. ಆದರೆ ವಿಳಂಬದ ಕಾರಣ ಏನೇ ಇರಲಿ, ಕಾಯುವವರ ಕನಿಷ್ಠ ಅಗತ್ಯಗಳನ್ನು ನೋಡಿಕೊಳ್ಳುವ ಹೊಣೆ ಕಡಿಮೆ ದರದ ಸಂಸ್ಥೆಗಳಿಗೂ ತಪ್ಪಿದ್ದಲ್ಲ ಎಂಬ ಭಾಗವೂ ಅದೇ ತೀರ್ಪಿನಲ್ಲಿದೆ. ನಿಮ್ಮ ದೂರು ನಿಲ್ಲಬೇಕಾದದ್ದು ಈ ಭಾಗದ ಮೇಲೆ. ಮಂಜಿನ ಮಾತನ್ನೇ ಎತ್ತಬೇಡಿ. ಊಟ, ಕೋಣೆ ಕೊಡಲಿಲ್ಲ ಎಂಬುದನ್ನಷ್ಟೇ ಬರೆಯಿರಿ. ಆ ರಾತ್ರಿ ಅವರು ಹೊರಗೆ ಕೊಂಡ ಚಹಾ, ಇಡ್ಲಿಯ ಬಿಲ್ಲುಗಳಿದ್ದರೆ ಅವನ್ನೂ ಲಗತ್ತಿಸಿ.

ಪ್ರಶ್ನೆ: ಮುಂಬೈಗೆ ಹೊರಟಿದ್ದ ನಮ್ಮ ವಿಮಾನ ‘ತಾಂತ್ರಿಕ ದೋಷ’ ಎಂದು ಐದು ಗಂಟೆ ತಡವಾಯಿತು. ಊಟ ಕೊಟ್ಟರು. ಅಂದಿನ ಮದುವೆಯ ಮುಹೂರ್ತ ತಪ್ಪಿತು. ತಡಕ್ಕೆ ನಗದು ಇಲ್ಲ ಎಂದಾದರೆ ನಮಗೆ ದಾರಿಯೇ ಇಲ್ಲವೇ?
– ಓದುಗರು, ಮಂಡ್ಯ

ಉತ್ತರ: ಡಿಜಿಸಿಎ ನಿಯಮ ಕನಿಷ್ಠ ಹಕ್ಕುಗಳನ್ನು ಹೇಳುತ್ತದೆಯೇ ಹೊರತು ಗ್ರಾಹಕರ ಕಾನೂನಿನ ಬಾಗಿಲನ್ನು ಮುಚ್ಚುವುದಿಲ್ಲ. ಐದು ಗಂಟೆಯ ವಿಳಂಬಕ್ಕೆ ಸಮರ್ಪಕ ಕಾರಣ ಕೊಡಲಾಗದಿದ್ದರೆ ಅದು ಸೇವಾ ನ್ಯೂನತೆಯೇ. ಕಾರಣವನ್ನು ರುಜುವಾತುಪಡಿಸುವ ಹೊಣೆ ಯಾರದು ಎಂಬುದಕ್ಕೆ ರೈಲಿನ ಪ್ರಕರಣವೊಂದು ಉಪಯುಕ್ತವಾಗಿದೆ. 2016ರಲ್ಲಿ ಅಜ್ಮೀರ್–ಜಮ್ಮು ರೈಲು ನಾಲ್ಕು ಗಂಟೆ ತಡವಾಗಿ ಮುಟ್ಟಿದ್ದರಿಂದ ಒಂದು ಕುಟುಂಬಕ್ಕೆ ಜಮ್ಮುವಿನಿಂದ ಶ್ರೀನಗರಕ್ಕೆ ಹೋಗುವ ವಿಮಾನ ತಪ್ಪಿತು. 2021ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಪರಿಹಾರವನ್ನು ಎತ್ತಿಹಿಡಿಯಿತು. ವಿಳಂಬವು ತನ್ನ ಹಿಡಿತ ಮೀರಿದ ಕಾರಣಗಳಿಂದಾಯಿತು ಎಂದು ರೈಲ್ವೆ ಸಾಬೀತು ಮಾಡದ ಹೊರತು ಪರಿಹಾರ ಕೊಡಲೇಬೇಕು ಎಂಬುದು ಅದರ ಸಾರ. ಸಾಗಣೆಯ ಸೇವೆ ನೀಡುವ ವಿಮಾನಯಾನ ಸಂಸ್ಥೆಯ ವಿರುದ್ಧವೂ ಈ ತರ್ಕವನ್ನು ಮಂಡಿಸಬಹುದು.

ವಿಮಾನದ ದೋಷ ಎಂದು ಯಾವಾಗ ತಿಳಿಯಿತು, ಬದಲಿ ವಿಮಾನಕ್ಕೆ ಯಾವ ಪ್ರಯತ್ನ ನಡೆಯಿತು, ನಿಮಗೆ ಎಷ್ಟೆಷ್ಟು ಹೊತ್ತಿಗೆ ಏನೇನು ತಿಳಿಸಿದರು ಎಂಬುದರ ಮೇಲೆ ಆಯೋಗ ತೀರ್ಮಾನಿಸುತ್ತದೆ. ಪ್ರತಿ ಅರ್ಧ ಗಂಟೆಗೊಮ್ಮೆ ‘ಇನ್ನರ್ಧ ಗಂಟೆ’ ಎನ್ನುತ್ತಾ ಐದು ಗಂಟೆ ಕೂರಿಸಿದ್ದರೆ, ಆ ಸಂದೇಶಗಳ ಸ್ಕ್ರೀನ್‌ಶಾಟ್‌ಗಳು ಯಾವ ವಕೀಲರ ವಾದಕ್ಕಿಂತಲೂ ಬಲವಾದವು. ಮುಹೂರ್ತ ತಪ್ಪಿದ ದುಃಖಕ್ಕೆ ಬೆಲೆ ಕಟ್ಟುವುದು ಕಷ್ಟವಾದರೂ ಲಗ್ನಪತ್ರಿಕೆಯನ್ನು ದೂರಿನೊಂದಿಗೆ ಲಗತ್ತಿಸಲು ಮರೆಯಬೇಡಿ. ಪ್ರಯಾಣದ ಉದ್ದೇಶಕ್ಕೆ ಅದೇ ದಾಖಲೆ.

ಪ್ರಶ್ನೆ: ಮಂಗಳೂರಿನಿಂದ ಮುಂಬೈಗೆ ಟಿಕೆಟ್ ಖಚಿತವಾಗಿತ್ತು, ವೇಳೆಗೆ ಸರಿಯಾಗಿ ಕೌಂಟರಿಗೆ ಹೋದೆ. ವಿಮಾನ ಭರ್ತಿಯಾಗಿದೆ ಎಂದು ಎಂಟು ಗಂಟೆ ಬಿಟ್ಟು ಹೊರಡುವ ವಿಮಾನದಲ್ಲಿ ಕಳುಹಿಸಿದರು. ಊಟದ ಕೂಪನ್ ಕೊಟ್ಟು ಕೈತೊಳೆದುಕೊಂಡರು. ಇದು ಸರಿಯೇ?
– ಓದುಗರು, ಪುತ್ತೂರು

ಉತ್ತರ: ಸರಿಯಲ್ಲ. ಇರುವ ಆಸನಗಳಿಗಿಂತ ಹೆಚ್ಚು ಟಿಕೆಟ್ ಮಾರಿದಾಗ, ಸ್ವಇಚ್ಛೆಯಿಂದ ಆಸನ ಬಿಟ್ಟುಕೊಡುವವರಿದ್ದಾರೆಯೇ ಎಂದು ಮೊದಲು ಕೇಳಬೇಕು. ಹಾಗಲ್ಲದೆ ನಿಮ್ಮನ್ನು ತಡೆದರೆ, ಒಂದು ಗಂಟೆಯೊಳಗೆ ಹೊರಡುವ ಬದಲಿ ವಿಮಾನ ಕೊಟ್ಟಾಗ ಮಾತ್ರ ಪರಿಹಾರವಿಲ್ಲ. 24 ಗಂಟೆಯೊಳಗಿನ ವಿಮಾನ ಕೊಟ್ಟರೆ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕದ ಎರಡರಷ್ಟು, ಗರಿಷ್ಠ 10,000 ರೂಪಾಯಿ. 24 ಗಂಟೆ ಮೀರಿದರೆ ನಾಲ್ಕರಷ್ಟು, ಗರಿಷ್ಠ 20,000 ರೂಪಾಯಿ. ಬದಲಿ ವಿಮಾನವೇ ಬೇಡವೆಂದರೆ ಟಿಕೆಟ್ ಹಣದ ಜೊತೆಗೆ ಇದೇ ನಾಲ್ಕರಷ್ಟು ಮೊತ್ತ ಬರಬೇಕು. ನಿಮ್ಮ ಮೂಲ ದರ, ಇಂಧನ ಶುಲ್ಕ ಸೇರಿ 4,200 ರೂಪಾಯಿ ಇದ್ದರೆ 8,400 ರೂಪಾಯಿ ಕೇಳಿ. ರದ್ದತಿಗಿಂತ ಇಲ್ಲಿ ಮೊತ್ತ ಹೆಚ್ಚು, ವಾದವೂ ಸುಲಭ. ವಿಮಾನ ಹಾರಿದೆ, ನೀವು ಮಾತ್ರ ಉಳಿದಿದ್ದೀರಿ. ಮಳೆಯನ್ನೋ ಮಂಜನ್ನೋ ಯಾರೂ ದೂರುವಂತಿಲ್ಲ.

ಪ್ರಶ್ನೆ: ಊರಿನ ಏಜೆಂಟರ ಬಳಿ ಟಿಕೆಟ್ ಮಾಡಿಸಿದ್ದೆ. ರದ್ದಾದ ಸುದ್ದಿ ನನಗೆ ಬರಲೇ ಇಲ್ಲ. ನಿಲ್ದಾಣಕ್ಕೆ ಹೋದ ಮೇಲೆಯೇ ತಿಳಿಯಿತು. ಎರಡು ದಿನ ಮೊದಲೇ ಸಂದೇಶ ಕಳುಹಿಸಿದ್ದೇವೆ ಎನ್ನುತ್ತಾರೆ.
– ಓದುಗರು, ಸಾಗರ

ಉತ್ತರ: ಬಹುಶಃ ಕಳುಹಿಸಿದ್ದಾರೆ, ಏಜೆಂಟರ ಮೊಬೈಲಿಗೆ. ಟಿಕೆಟ್ ಮಾಡುವಾಗ ಎಲ್ಲ ಗಿರಾಕಿಗಳಿಗೂ ತಮ್ಮದೇ ಸಂಖ್ಯೆ, ತಮ್ಮದೇ ಇಮೇಲ್ ಹಾಕಿಬಿಡುವ ರೂಢಿ ನಮ್ಮ ಊರುಗಳಲ್ಲಿ ಬಹಳವಿದೆ. ಸಂಪರ್ಕದ ವಿವರಗಳನ್ನು ಸರಿಯಾಗಿ ಕೊಡದ ಪ್ರಯಾಣಿಕರಿಗೆ ನಗದು ಪರಿಹಾರವಿಲ್ಲ ಎಂದು ನಿಯಮದಲ್ಲಿರುವುದರಿಂದ ಸಂಸ್ಥೆ ಅದನ್ನೇ ಹಿಡಿದುಕೊಳ್ಳುತ್ತದೆ. ನಿಮ್ಮ ಸಂಖ್ಯೆಯನ್ನು ಏಜೆಂಟರಿಗೆ ಕೊಟ್ಟದ್ದಕ್ಕೆ ವಾಟ್ಸ್ಆ್ಯಪ್ ಸಂದೇಶವಿದ್ದರೆ ಏಜೆಂಟರನ್ನು ಎರಡನೆಯ ಎದುರುದಾರರನ್ನಾಗಿ ಸೇರಿಸಿ ದೂರು ಕೊಡಬಹುದು. ಟಿಕೆಟ್ ಹಣ ವಾಪಸಾಗುವ ವಿಷಯ ಬೇರೆ. ಟಿಕೆಟನ್ನು ಏಜೆಂಟರ ಮೂಲಕ ಕೊಂಡಿದ್ದರೂ ಅದರ ಹೊಣೆ ವಿಮಾನಯಾನ ಸಂಸ್ಥೆಯದೇ ಎಂದು ಡಿಜಿಸಿಎ ಹೇಳಿದೆ. ‘ಏಜೆಂಟರನ್ನು ಕೇಳಿ’ ಎಂಬ ಉತ್ತರವನ್ನು ಒಪ್ಪಬೇಡಿ. ಮುಂದಿನ ಸಲ ಟಿಕೆಟ್ ಕೈಗೆ ಬಂದೊಡನೆ ಸಂಸ್ಥೆಯ ಜಾಲತಾಣದಲ್ಲಿ ಪಿಎನ್ಆರ್ ಹಾಕಿ ನಿಮ್ಮ ಸಂಖ್ಯೆ ಇದೆಯೇ ನೋಡಿಕೊಳ್ಳಿ.

ಪ್ರಶ್ನೆ: ಮ್ಯೂನಿಕ್‌ನಲ್ಲಿರುವ ಮಗಳ ಬಾಣಂತನ ಮುಗಿಸಿ ದುಬೈ ಮಾರ್ಗವಾಗಿ ಬೆಂಗಳೂರಿಗೆ ಮರಳುವಾಗ, ಮ್ಯೂನಿಕ್‌ನಿಂದ ಹೊರಟ ವಿಮಾನ ತಾಂತ್ರಿಕ ದೋಷದಿಂದ ತಡವಾಗಿ, ದುಬೈಯಲ್ಲಿ ಮುಂದಿನ ವಿಮಾನ ತಪ್ಪಿ, ಆರು ಗಂಟೆ ತಡವಾಗಿ ಊರು ಸೇರಿದೆ. ಎಲ್ಲವೂ ಒಂದೇ ಟಿಕೆಟ್, ಕೊಲ್ಲಿ ದೇಶದ ಸಂಸ್ಥೆ. ಐರೋಪ್ಯ ಕಾನೂನಿನಲ್ಲಿ ಹಣ ಸಿಗುತ್ತದೆ ಎಂದು ಅಳಿಯಂದಿರು ಹೇಳುತ್ತಾರೆ. ಟಿಕೆಟ್ ಕೊಂಡವರು ಅವರೇ. ಭಾರತದವಳಾದ ನನಗೂ ಸಿಗುತ್ತದೆಯೇ?
– ಓದುಗರು, ಧಾರವಾಡ

ಉತ್ತರ: ಸಿಗುತ್ತದೆ, ನಿಮ್ಮ ಅಳಿಯಂದಿರ ಮಾತು ಸರಿ. ಐರೋಪ್ಯ ಒಕ್ಕೂಟದ 2004ರ 261ನೆಯ ನಿಯಮವು ಪ್ರಯಾಣಿಕರ ಪೌರತ್ವವನ್ನಾಗಲಿ ಹಣ ಕೊಟ್ಟವರಾರು ಎಂಬುದನ್ನಾಗಲಿ ಕೇಳುವುದಿಲ್ಲ. ಒಕ್ಕೂಟದ ನಿಲ್ದಾಣದಿಂದ ಹೊರಡುವ ವಿಮಾನ ಯಾವ ದೇಶದ ಸಂಸ್ಥೆಯದಾದರೂ ನಿಯಮ ಅನ್ವಯಿಸುತ್ತದೆ. ಒಕ್ಕೂಟಕ್ಕೆ ಹೊರಗಿನಿಂದ ಬರುವ ವಿಮಾನವಾದರೆ ಸಂಸ್ಥೆ ಐರೋಪ್ಯ ಒಕ್ಕೂಟದ್ದಾಗಿರಬೇಕು. ಹೀಗಾಗಿ ನೀವು ಹೋಗುವಾಗ ಇದೇ ಕೊಲ್ಲಿ ಸಂಸ್ಥೆಯ ವಿಮಾನ ಬೆಂಗಳೂರಿನಿಂದ ಹೊರಟು ಇಷ್ಟೇ ತಡವಾಗಿದ್ದರೆ ಈ ನಿಯಮದಲ್ಲಿ ಒಂದು ಪೈಸೆಯೂ ಬರುತ್ತಿರಲಿಲ್ಲ. ಬರುವಾಗ ತಡವಾದದ್ದು, ಹಣದ ದೃಷ್ಟಿಯಿಂದಲಾದರೂ, ನಿಮ್ಮ ಅದೃಷ್ಟ.

ನಿಯಮದ ಅಕ್ಷರದಲ್ಲಿ ಪರಿಹಾರವಿದ್ದದ್ದು ರದ್ದತಿಗೆ ಮತ್ತು ಹತ್ತಲು ಬಿಡದಿದ್ದುದಕ್ಕೆ. ಮೂರು ಗಂಟೆ ಅಥವಾ ಹೆಚ್ಚು ತಡವಾಗಿ ಮುಟ್ಟಿದವರಿಗೂ ಅದು ಸಲ್ಲಬೇಕೆಂದು ಲಕ್ಸೆಂಬರ್ಗಿನಲ್ಲಿರುವ ಐರೋಪ್ಯ ನ್ಯಾಯಾಲಯ 2009ರಲ್ಲಿ ತೀರ್ಪಿತ್ತಿತು. ದೂರಕ್ಕೆ ತಕ್ಕಂತೆ 250, 400 ಮತ್ತು 600 ಯೂರೊಗಳ ಮೂರು ಹಂತಗಳಿವೆ. ಒಂದೇ ಟಿಕೆಟ್‌ನಲ್ಲಿ ಮಾಡಿದ ಪ್ರಯಾಣದಲ್ಲಿ ಕೊನೆಯ ಊರನ್ನೇ ಲೆಕ್ಕಕ್ಕೆ ಹಿಡಿಯುವುದರಿಂದ, ಮ್ಯೂನಿಕ್–ಬೆಂಗಳೂರು ಅಂತರ 3,500 ಕಿಲೋಮೀಟರ್ ಮೀರಿ ನಿಮಗೆ 600 ಯೂರೊ ಸಲ್ಲುತ್ತದೆ. ತಡವನ್ನು ಲೆಕ್ಕ ಹಾಕುವುದು ಚಕ್ರ ನೆಲ ಮುಟ್ಟಿದ ಹೊತ್ತಿನಿಂದಲ್ಲ, ಇಳಿಯಲು ವಿಮಾನದ ಬಾಗಿಲು ತೆರೆದ ಹೊತ್ತಿನಿಂದ. ನಿಮ್ಮದು ಆರು ಗಂಟೆಯಾದ್ದರಿಂದ ಈ ಸೂಕ್ಷ್ಮ ಬೇಕಾಗದು, ಅಂಚಿನಲ್ಲಿರುವವರಿಗೆ ಬೇಕಾಗುತ್ತದೆ. ಮಾಮೂಲಿ ತಾಂತ್ರಿಕ ದೋಷವನ್ನು ಅಸಾಧಾರಣ ಸನ್ನಿವೇಶವೆಂದು ಹೇಳಿ ಜಾರಿಕೊಳ್ಳುವಂತಿಲ್ಲ ಎಂದೂ ಅದೇ ನ್ಯಾಯಾಲಯ 2008ರಲ್ಲಿ ಸ್ಪಷ್ಟಪಡಿಸಿದೆ. ನಮ್ಮಲ್ಲಿ ಇಷ್ಟು ಖಚಿತವಾದ ಮಾತು ಇನ್ನೂ ನಿಯಮಕ್ಕೆ ಬಂದಿಲ್ಲ.

ಸಂಸ್ಥೆಯ ಜಾಲತಾಣದ ಅರ್ಜಿಯಲ್ಲಿ ನಿಮ್ಮ ಹೆಸರಿನಲ್ಲೇ ಕೇಳಿ. ಹಕ್ಕು ಪ್ರಯಾಣಿಸಿದವರದು, ಟಿಕೆಟ್ ಕೊಂಡವರದಲ್ಲ. ಹಣದಲ್ಲಿ ಕಾಲು ಭಾಗವನ್ನೋ ಅದಕ್ಕೂ ಹೆಚ್ಚನ್ನೋ ಇಟ್ಟುಕೊಂಡು ಇದನ್ನೇ ಮಾಡಿಕೊಡುವ ಕಂಪನಿಗಳಿವೆ. ಅವರ ಬಳಿ ಹೋಗುವ ಮೊದಲು ನೀವೇ ಒಮ್ಮೆ ಪ್ರಯತ್ನಿಸಿ. ಜರ್ಮನಿಯಲ್ಲಿ ಈ ಹಕ್ಕಿಗೆ, ಘಟನೆ ನಡೆದ ವರ್ಷದ ಕೊನೆಯಿಂದ ಮೂರು ವರ್ಷಗಳ ಕಾಲಮಿತಿಯಿದೆ. ಲಂಡನ್ನಿನಿಂದ ಬರುವವರಿಗೆ ಬ್ರಿಟನ್ನಿನಲ್ಲೂ ಇಂಥದ್ದೇ ಕಾನೂನಿದ್ದು ಅಲ್ಲಿನ ಗರಿಷ್ಠ ಮೊತ್ತ 520 ಪೌಂಡು.

ಪ್ರಶ್ನೆ: ವಿಮಾನ ಸರಿಯಾದ ವೇಳೆಗೆ ಬಂತು, ಪೆಟ್ಟಿಗೆ ನಾಲ್ಕು ದಿನ ಬಿಟ್ಟು ಬಂತು, ಅದೂ ಬೀಗ ಒಡೆದು. ಏನು ಕೇಳಬಹುದು?
– ಓದುಗರು, ಬಳ್ಳಾರಿ

ಉತ್ತರ: ಪೆಟ್ಟಿಗೆ ಬಾರದ ದಿನವೇ ನಿಲ್ದಾಣದಿಂದ ಹೊರಬೀಳುವ ಮುನ್ನ ಪಿಐಆರ್ ಎಂಬ ವರದಿ ಬರೆಸಿದ್ದೀರೆಂದು ಭಾವಿಸುತ್ತೇನೆ. ಅದಿಲ್ಲದಿದ್ದರೆ ಪ್ರಕರಣ ದುರ್ಬಲ. ಪೆಟ್ಟಿಗೆ ಹಾಳಾಗಿದ್ದರೆ ಕೈಗೆ ಬಂದ 7 ದಿನಗಳೊಳಗೆ, ತಡವಾಗಿದ್ದರೆ 21 ದಿನಗಳೊಳಗೆ ಲಿಖಿತ ದೂರು ಹೋಗಬೇಕು. ದೇಶದೊಳಗಿನ ಪ್ರಯಾಣದಲ್ಲಿ ಸಂಸ್ಥೆಯ ಹೊಣೆಯ ಮಿತಿ ಪ್ರಯಾಣಿಕರೊಬ್ಬರಿಗೆ 20,000 ರೂಪಾಯಿ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮಾಂಟ್ರಿಯಲ್ ಒಡಂಬಡಿಕೆಯ ಮಿತಿ 2024ರ ಡಿಸೆಂಬರ್ 28ರಿಂದ 1,519 ಎಸ್‌ಡಿಆರ್. ಇದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕಮಾನ. ಮಿತಿ ಎಂದರೆ ಅಷ್ಟೂ ಬರುತ್ತದೆ ಎಂದಲ್ಲ, ಆ ನಾಲ್ಕು ದಿನ ಕೊಂಡ ಬಟ್ಟೆ, ಔಷಧಿಗಳ ಮತ್ತು ಪೆಟ್ಟಿಗೆಯ ದುರಸ್ತಿಯ ಬಿಲ್ಲುಗಳು ಬೇಕು.

ಪ್ರಶ್ನೆ: ಇಮೇಲ್ ಬರೆದು ಬರೆದು ಸಾಕಾಗಿದೆ. ಟಿಕೆಟ್‌ನ ಹಿಂದೆ ‘ವ್ಯಾಜ್ಯಗಳು ದೆಹಲಿ ನ್ಯಾಯಾಲಯದ ವ್ಯಾಪ್ತಿಗೆ ಮಾತ್ರ’ ಎಂದಿದೆ. ಏಳೆಂಟು ಸಾವಿರಕ್ಕೆ ವಕೀಲರನ್ನಿಟ್ಟುಕೊಂಡು ದೆಹಲಿಗೆ ಹೋಗಲು ಸಾಧ್ಯವೇ? ಈಗ 5,000 ರೂಪಾಯಿಯ ವೋಚರ್ ಕೊಡುತ್ತೇವೆ ಎನ್ನುತ್ತಿದ್ದಾರೆ.
– ಓದುಗರು, ಹಾಸನ

ಉತ್ತರ: ದೆಹಲಿಗೆ ಹೋಗಬೇಕಿಲ್ಲ. 2019ರ ಗ್ರಾಹಕರ ಸಂರಕ್ಷಣಾ ಕಾಯಿದೆಯ 34ನೆಯ ಕಲಮಿನಂತೆ ದೂರುದಾರರು ವಾಸವಾಗಿರುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಬಹುದು. ಟಿಕೆಟ್‌ನಲ್ಲಿ ಮುದ್ರಿಸಿದ ಷರತ್ತು ಕಾಯಿದೆ ಕೊಟ್ಟ ಈ ಹಕ್ಕನ್ನು ಕಿತ್ತುಕೊಳ್ಳಲಾರದು. ನಿಮಗೆ ಹಾಸನದ ಜಿಲ್ಲಾ ಆಯೋಗ ಸಾಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಇದನ್ನು ಬರೆಯುವಾಗ ನನ್ನ ವೃತ್ತಿಬಾಂಧವರು ಮುನಿಯಬಾರದು, ಏಳು ಸಾವಿರದ ದೂರಿಗೆ ಹತ್ತು ಸಾವಿರ ಫೀಜು ಕೊಡಿ ಎನ್ನಲು ನನಗಂತೂ ಬಾಯಿ ಬರುವುದಿಲ್ಲ. ಇ-ಜಾಗೃತಿ ಎಂಬ ಸರ್ಕಾರಿ ಜಾಲತಾಣದಲ್ಲಿ ಮನೆಯಿಂದಲೇ ದೂರು ದಾಖಲಿಸಬಹುದು, ಘಟನೆಯಿಂದ ಎರಡು ವರ್ಷಗಳ ಒಳಗೆ.

ಅದಕ್ಕೆ ಮುನ್ನ ಎರಡು ಮೆಟ್ಟಿಲು ಹತ್ತಿರಬೇಕು. ಪ್ರತಿ ಸಂಸ್ಥೆಗೂ ನೋಡಲ್ ಅಧಿಕಾರಿ, ಅವರ ಮೇಲೆ ಮೇಲ್ಮನವಿ ಅಧಿಕಾರಿ ಇರುತ್ತಾರೆ, ವಿಳಾಸ ಸಂಸ್ಥೆಯ ಜಾಲತಾಣದಲ್ಲಿರುತ್ತದೆ. ಗ್ರಾಹಕ ಸೇವೆಯ ಸಾಮಾನ್ಯ ಇಮೇಲಿಗೆ ಹತ್ತು ಪತ್ರ ಬರೆಯುವುದಕ್ಕಿಂತ ಇವರಿಗೆ ಒಂದು ಬರೆಯುವುದು ಮೇಲು. ಕೇಂದ್ರ ಸರ್ಕಾರದ ಏರ್‌ಸೇವಾ ಆ್ಯಪ್‌ನಲ್ಲೋ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲೋ ದೂರು ದಾಖಲಿಸಿ ಸಂಖ್ಯೆ ಪಡೆಯಿರಿ. ಅನೇಕ ದೂರುಗಳು ಈ ಹಂತದಲ್ಲೇ ಇತ್ಯರ್ಥವಾಗುತ್ತವೆ.

ಪತ್ರದಲ್ಲಿ ಕೋಪ ಬೇಡ. ‘ಇಂಥ ದಿನಾಂಕದ ಇಂಥ ಸಂಖ್ಯೆಯ ವಿಮಾನ, ಪಿಎನ್ಆರ್ ಇಂಥದ್ದು, ಹೊರಡಬೇಕಿದ್ದ ವೇಳೆ ಇಷ್ಟು, ರದ್ದತಿಯ ಸಂದೇಶ ಬಂದ ವೇಳೆ ಇಷ್ಟು, ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ಇಷ್ಟು, ಡಿಜಿಸಿಎ ನಿಯಮದಂತೆ ಇಷ್ಟು ಪರಿಹಾರವನ್ನು ಈ ಬ್ಯಾಂಕ್ ಖಾತೆಗೆ 15 ದಿನಗಳಲ್ಲಿ ಜಮಾ ಮಾಡಬೇಕು, ನಿರಾಕರಿಸುವುದಾದರೆ ನಿಖರ ಕಾರಣವನ್ನು ಲಿಖಿತವಾಗಿ ತಿಳಿಸಬೇಕು’ ಎಂದು ಆರೇಳು ಸಾಲು ಸಾಕು. ಇದೇ ಪತ್ರ ಮುಂದೆ ಆಯೋಗದಲ್ಲಿ ನಿಮ್ಮ ದಾಖಲೆಗಳ ಪಟ್ಟಿಯ ಮೊದಲ ಹಾಳೆಯಾಗುತ್ತದೆ.

ಆಯೋಗ ನೋಟಿಸು ಕಳುಹಿಸಿದ ಮೇಲೆ ಎದುರುದಾರರು 30 ದಿನಗಳಲ್ಲಿ ಉತ್ತರಿಸಬೇಕು, ಆಯೋಗ ಹೆಚ್ಚೆಂದರೆ ಇನ್ನು 15 ದಿನ ಕೊಡಬಹುದು. ಅದನ್ನು ಮೀರಿ ಒಂದು ದಿನವನ್ನೂ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಆದ್ದರಿಂದ 45 ದಿನ ಕಳೆದ ಮೇಲೆ ಬಂದ ಉತ್ತರವನ್ನು ಸ್ವೀಕರಿಸಬಾರದೆಂದು ನೀವೇ ಎದ್ದು ನಿಂತು ಹೇಳಬಹುದು.

ವೋಚರ್ ಒಪ್ಪಬೇಕೇ ಬೇಡವೇ ಎಂಬುದು ನಿಮ್ಮ ಇಷ್ಟ. ಟಿಕೆಟ್ ಹಣವನ್ನು ವೋಚರ್ ರೂಪದಲ್ಲಿ ಕೊಡುವುದು ಪ್ರಯಾಣಿಕರು ಬಯಸಿದರೆ ಮಾತ್ರ, ಸಂಸ್ಥೆ ಅದನ್ನು ಹೇರುವಂತಿಲ್ಲ. ವರ್ಷಕ್ಕೊಮ್ಮೆಯೂ ವಿಮಾನ ಹತ್ತದವರಿಗೆ, ಆರು ತಿಂಗಳಲ್ಲಿ ಅವಧಿ ಮುಗಿಯುವ 5,000 ರೂಪಾಯಿಯ ವೋಚರಿಗಿಂತ ಖಾತೆಗೆ ಬಂದ 3,000 ರೂಪಾಯಿ ಹೆಚ್ಚು. ಒಪ್ಪುವುದಾದರೆ ಅವರು ಕಳುಹಿಸುವ ಇಮೇಲಿನ ಕೊನೆಯ ಸಾಲನ್ನು ಓದಿ. ‘ಪೂರ್ಣ ಮತ್ತು ಅಂತಿಮ ಇತ್ಯರ್ಥವಾಗಿ’ ಎಂಬ ಮಾತು ಅಲ್ಲಿರುತ್ತದೆ. ಅದಕ್ಕೆ ಒಪ್ಪಿಗೆ ಒತ್ತಿದ ಮೇಲೆ ಉಳಿದದ್ದನ್ನು ಕೇಳುವುದು ಕಷ್ಟ. ‘ನಿಯಮದಂತೆ ಬರಬೇಕಾದ ಪರಿಹಾರದ ಹಕ್ಕನ್ನು ಕಾಯ್ದಿರಿಸಿಕೊಂಡು, ಇದನ್ನು ಭಾಗಶಃ ಪಾವತಿಯಾಗಿ ಸ್ವೀಕರಿಸುತ್ತೇನೆ’ ಎಂದು ಮರು ಇಮೇಲ್ ಬರೆದು, ಅವರ ಉತ್ತರ ಬರುವವರೆಗೆ ಆ ಗುಂಡಿಯನ್ನು ಒತ್ತಬೇಡಿ.